ಹೇಸಿಗೆ ದಿಬ್ಬ

ಬೆಳವನಕೊಪ್ಪದ ಕೆರೆಯ ಬಡಗಣ ದಂಡೆಯಲ್ಲಿ, ಜಾಲಿಗಿಡಗಳ ನಡುವೆ, ಒಂದು ದಿಬ್ಬವಿದೆ. ಅದರ ನೆತ್ತಿಯ ಮೇಲೆ ಈಗ ಕಬ್ಬಿಣದ ಮೆಟ್ಟಿಲಿನ ವೀಕ್ಷಣಾ ಗೋಪುರ. ಗೋಪುರದ ಬುಡದಲ್ಲಿ ದುರ್ಬೀನುಗಳನ್ನೂ ಹಕ್ಕಿಗಳ ಚಿತ್ರಪಟಗಳನ್ನೂ ಇರಿಸಿದ ಸಣ್ಣ ಕೋಣೆ. ಚಳಿ ಬಿತ್ತೆಂದರೆ ಹಿಮಾಲಯದಾಚೆಯಿಂದ ಹೆಬ್ಬಾತುಗಳು, ಬಿಳಿಯ ತಲೆಯ ಮೇಲೆ ಎರಡು ಕರಿಪಟ್ಟೆ ಇರುವಂಥವು, ಸಾವಿರಗಟ್ಟಲೆ ಬಂದು ಈ ನೀರಿಗಿಳಿಯುತ್ತವೆ. ಅವನ್ನು ನೋಡಲು ದೂರದೂರಿನಿಂದ ಜನ ಬರುತ್ತಾರೆ. ಹೆದ್ದಾರಿಯ ಪಕ್ಕದಲ್ಲಿ 'ಹಂಸತೀರ' ಎಂದು ಚೆಂದವಾಗಿ ಬರೆಸಿದ್ದಾರೆ. ಆದರೆ ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನವರಿಗೆ ತಿಳಿಯುವುದಿಲ್ಲ. ಬಸ್ಸಿನ ಕಂಡಕ್ಟರನೂ "ಹೇಸಿಗಿ ದಿಬ್ಬದವ್ರು ಇಳೀರಿ" ಎಂದೇ ಕೂಗುತ್ತಾನೆ. ಇಷ್ಟು ಒಳ್ಳೆಯ ಜಾಗಕ್ಕೆ ಇದೆಂಥ ಹೆಸರು ಎಂದು ಮುಖ ಸಿಂಡರಿಸುವವರಿಗೆ ಊರಿನ ಹಿರಿಯರು ನಿಂಬವ್ವನ ಸಂಗತಿಯನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ದೇಸಾಯಿಗಳು ಊರಾಳುತ್ತಿದ್ದ ದೇಸಗತಿಯ ಕಾಲದಲ್ಲಿ, ಈ ಕೆರೆಯನ್ನು ಕಾಯುತ್ತಿದ್ದವಳು ನಿಂಬವ್ವ ಎಂಬ ಮುದುಕಿ. ತೂಬು ಎತ್ತುವುದು, ಏರಿಯ ಬಿರುಕು ಮುಚ್ಚುವುದು ಗಂಡ ಸತ್ತ ಮೇಲೆ ಅವಳ ಪಾಲಿಗೆ ಬಂದ ಕೆಲಸ. ಅದರ ಸಲುವಾಗಿ ಕೆರೆಯ ಕೆಳಗೆ ಒಂದು ತುಂಡು ಹೊಲವನ್ನು ಬಿಟ್ಟುಕೊಟ್ಟಿದ್ದರು. ಹಕ್ಕಿ ಎಣಿಸುವುದು ಮಾತ್ರ ಯಾರೂ ವಹಿಸದ, ಅವಳದೇ ಹುಚ್ಚು. ಸಂಜೆ ಕಡಲೆಯ ಹೊಲಗಳಿಗೆ ಮೇಯಲು ಹೋದ ಹೆಬ್ಬಾತುಗಳು ಬೆಳಗಾಗುತ್ತಲೇ ಸಾಲುಸಾಲಾಗಿ ಕೆರೆಗೆ ಮರಳುತ್ತಿದ್ದವು. ಆಗ ಅವಳು ದಿಬ್ಬದ ಮೇಲೆ ಕುಳಿತು, ನೂರು ಹಕ್ಕಿಗೆ ಒಂದು ಹರಳಿನಂತೆ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಹಾರುವ ಹಿಂಡನ್ನು ಅವಳಷ್ಟು ನಿಖರವಾಗಿ ಎಣಿಸುವವರು ಆ ಸೀಮೆಯಲ್ಲೇ ಇರಲಿಲ್ಲ ಎನ್ನುತ್ತಾರೆ. ಒಮ್ಮೆ ಇಬ್ಬರು ಬೇರೆಬೇರೆ ದಂಡೆಯಲ್ಲಿ ಕುಳಿತು ಅವಳ ಲೆಕ್ಕವನ್ನು ಪರೀಕ್ಷಿಸಿ, ತಾವೇ ತಪ್ಪಿದ್ದೆವೆಂದು ಒಪ್ಪಿಕೊಂಡಿದ್ದರಂತೆ. ಬಂದ ಹಕ್ಕಿ ಹೋದ ವರ್ಷಕ್ಕಿಂತ ಹೆಚ್ಚಾಗಿದ್ದರೆ ಆ ದಿನ ಅವಳು ಸಿಕ್ಕವರಿಗೆಲ್ಲ ಸಂಖ್ಯೆ ಹೇಳುತ್ತ, ಮನೆಯಲ್ಲಿ ಮದುವೆ ನಿಶ್ಚಯವಾದವರ ಹಾಗೆ ಊರು ಸುತ್ತುತ್ತಿದ್ದಳು.

ಆ ವರ್ಷ ಬೆಳವನಕೊಪ್ಪದ ಗಿರಿಯಪ್ಪ ದೇಸಾಯಿಯ ವಾಡೆಯಿಂದ ದಿನಾಲೂ ಒಬ್ಬ ಆಳು ಬರತೊಡಗಿದ. "ಯವ್ವಾ, ಇವತ್ತ ಎಷ್ಟ ಅದಾವು ಅಂತ ಧಣ್ಯಾರು ಕೇಳ್ಯಾರ." ನಿಂಬವ್ವನಿಗೆ ಎಲ್ಲಿಲ್ಲದ ಹಿಗ್ಗು. ಧಣಿಯರಿಗೂ ತನ್ನ ಹುಚ್ಚೇ ಹತ್ತಿತೆಂದು ನಂಬಿ ಹಿಂಡೆಷ್ಟು, ಯಾವ ಮೂಲೆಯಲ್ಲಿ ಇಳಿಯುತ್ತವೆ, ಯಾವ ಹೊತ್ತಿಗೆ ಹೊಟ್ಟೆ ತುಂಬಿ ತೂಕಡಿಸುತ್ತವೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. "ಎರಡು ಸಾವಿರ ದಾಟ್ಯಾವು ಅಂತ ಹೇಳಪಾ. ನನ್ನ ಜಲ್ಮದಾಗ ಇಷ್ಟು ಕಂಡಿದ್ದಿಲ್ಲ" ಎಂದು ಹೇಳಿ ಕಳಿಸಿದ ಮರುದಿನವೇ ಅದು ನಡೆಯಿತು.

ನೆರೆಯ ಹರಳಗೇರಿಯ ದೇಸಾಯಿ ಒಂದೇ ಬೆಳಗಿನಲ್ಲಿ ಆರುನೂರು ಹಕ್ಕಿ ಹೊಡೆಸಿದ್ದೆನೆಂದು ಔತಣವೊಂದರಲ್ಲಿ ಮೀಸೆ ತಿರುವಿದ್ದನಂತೆ. ಅದರ ಇಮ್ಮಡಿ ಹೊಡೆಸಿ ತೋರಿಸುತ್ತೇನೆಂದು ಗಿರಿಯಪ್ಪ ಎಲ್ಲರೆದುರು ಮಾತು ಕೊಟ್ಟಿದ್ದ. ತಿನ್ನುವ ಹಸಿವೆಯಿಂದ ಕೊಂದಿದ್ದರೆ ಊರು ಅದನ್ನು ಎಂದೋ ಮರೆಯುತ್ತಿತ್ತು. ಅಂದು ಬೆಳಿಗ್ಗೆ ಮೂರು ಮಗ್ಗುಲಿಗೆ ಬಲೆ ಕಟ್ಟಿ, ನಾಲ್ಕನೆಯ ಮಗ್ಗುಲಿನಿಂದ ಹಲಗೆ ಬಡಿಸಿ, ಬಲೆಗೆ ಬಿದ್ದವನ್ನು ಬಡಿಗೆಯಿಂದಲೂ ಎದ್ದವನ್ನು ಬಂದೂಕಿನಿಂದಲೂ ಕೆಡವಿದರು. ದಿಬ್ಬದ ಮೇಲೆ ಕುಳಿತಿದ್ದ ನಿಂಬವ್ವ ಕೂಗಿಕೊಂಡು ಇಳಿದಳು. ಅವಳನ್ನು ಇಬ್ಬರು ಆಳುಗಳು ರಟ್ಟೆ ಹಿಡಿದು ಏರಿಯಾಚೆ ಬಿಟ್ಟುಬಂದರು. ಮಧ್ಯಾಹ್ನದ ಹೊತ್ತಿಗೆ ಕೊಂದ ಹಕ್ಕಿಗಳನ್ನೆಲ್ಲ ತಂದು, ಹರಳಗೇರಿಯವನ ಕಣ್ಣಿಗೆ ಬೀಳಲೆಂದು, ಅವಳು ಕೂಡುತ್ತಿದ್ದ ದಿಬ್ಬದ ಮೇಲೆಯೇ ಒಟ್ಟಿದರು.

ಹರಳಗೇರಿಯವನು ಹೇಳಿದ ದಿನಕ್ಕೆ ಬರಲಿಲ್ಲ. ಅವನು ಬಂದು ನೋಡುವತನಕ ಒಂದು ರೆಕ್ಕೆಯನ್ನೂ ಕದಲಿಸಕೂಡದೆಂದು ಗಿರಿಯಪ್ಪನ ಅಪ್ಪಣೆಯಾಗಿತ್ತು. ಎರಡನೆಯ ದಿನ ಹೊಟ್ಟೆಗಳು ಉಬ್ಬಿದವು. ಮೂರನೆಯ ದಿನ ಒಡೆದವು. ರಾಶಿಯ ಅಡಿಯಿಂದ ಕಂದುಬಣ್ಣದ ಲೋಳೆ ಒಸರಿ, ಇಳಿಜಾರಿನಲ್ಲಿ ಹರಿದು, ಹೆಂಗಸರು ಕೊಡ ತುಂಬುವ ಮೆಟ್ಟಿಲಿಗೆ ಬಂತು. ಊರಿನಲ್ಲಿ ರೊಟ್ಟಿ ಬಾಯಿಗೆ ಹೋಗದಾಯಿತು. ಮಜ್ಜಿಗೆಯಲ್ಲೂ ಅದೇ ನಾತ. ನಾಯಿಗಳು ಕೂಡ ಮೂಸಿ ಹಿಂದಕ್ಕೆ ಸರಿದವು. ಕಾವಲಿಗಿದ್ದ ಆಳುಗಳು ಮೂಗಿಗೆ ಬೇವಿನ ಸೊಪ್ಪು ತುರುಕಿಕೊಂಡು ನಿಂತಿದ್ದರು ಎನ್ನುತ್ತಾರೆ.

ಐದನೆಯ ದಿನ ಹರಳಗೇರಿಯವನು ಪರಿವಾರದೊಡನೆ ಬಂದ. ರಾಶಿಯನ್ನು ದೂರದಿಂದಲೇ ನೋಡಿ, "ದೇಸಾಯರ, ನಿಮ್ಮ ಆಳು ಎಣಿಸಿದ್ದು ನಾ ನಂಬಂಗಿಲ್ಲ. ಆ ಹಕ್ಕಿ ಎಣಸೂ ಮುದುಕಿನ್ನ ಕರಸ್ರಿ, ಆಕಿ ಹೇಳಿದ್ದ ಖರೆ" ಎಂದ. ನಾಲ್ಕು ದಿನದಿಂದ ಒಲೆ ಹಚ್ಚದೆ ಕುಳಿತಿದ್ದ ನಿಂಬವ್ವನನ್ನು ಎಬ್ಬಿಸಿ ತಂದರು.

"ಎಣಸು. ಸಾವಿರದ ಇನ್ನೂರರ ಮ್ಯಾಲ ಎಷ್ಟ ಅದಾವೋ ಹೇಳಿಬಿಡು" ಎಂದ ಗಿರಿಯಪ್ಪ. "ಹೇಳಲಿಲ್ಲಂದ್ರ ಕೆರಿ ಕೆಳಗಿನ ಹೊಲ ಇವತ್ತಿಗೇ ನಿಂದಲ್ಲ."

ನಿಂಬವ್ವ ದಿಬ್ಬ ಏರಿದಳು. ಎಷ್ಟೋ ವರ್ಷಗಳ ರೂಢಿ. ಕಣ್ಣು ತಾನಾಗಿಯೇ ಎಣಿಸತೊಡಗಿತು. ಒಂದರ ಮೇಲೊಂದು ಬಿದ್ದು ಗುರುತು ಸಿಗದಾದಾಗ, ಬಗ್ಗಿ ಮೇಲಿನ ಹಕ್ಕಿಯ ಕುತ್ತಿಗೆ ಹಿಡಿದು ಸರಿಸಹೋದಳು. ಗರಿಯ ಸಮೇತ ತೊಗಲು ಜಾರಿ ಅವಳ ಅಂಗೈಗೆ ಬಂತು. ಒಳಗೆ ಹುಳುಗಳು ಅಕ್ಕಿ ಕುದಿಯುವಂತೆ ಮಿಜಿಮಿಜಿ ಎನ್ನುತ್ತಿದ್ದವು. ಎಲ್ಲಿ ಇಳಿಯುತ್ತವೆ, ಯಾವಾಗ ತೂಕಡಿಸುತ್ತವೆ ಎಂದು ತನ್ನದೇ ಬಾಯಿಂದ ಆಡಿದ ಒಂದೊಂದು ಮಾತೂ ಅವಳ ನಾಲಿಗೆಯ ಮೇಲೆ ಆ ನಾತವಾಗಿ ಎದ್ದು ಬಂತು. ಅಲ್ಲಿಯೇ ಕುಕ್ಕರಿಸಿ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ, ಕರುಳು ಕಿತ್ತು ಬರುವಂತೆ ಕಾರಿಕೊಂಡಳು.

"ಎಷ್ಟು?" ಕೆಳಗಿನಿಂದ ಗಿರಿಯಪ್ಪ ಕೇಳಿದ.

"ಒಂದ" ಎಂದಳು.

"ಏನು ಒಂದ?"

"ಹೇಸಿಗಿ, ಎಪ್ಪಾ. ಇಲ್ಲಿ ಇರೂದು ಒಂದ ಹೇಸಿಗಿ. ಕೊಂದವ ನೀ, ದಾರಿ ತೋರಿಸಿದಾಕಿ ನಾ. ಇಬ್ಬರದೂ ಕೂಡಿ ಒಂದ."

ಹರಳಗೇರಿಯವನು ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡು, ವಾಡೆಯಲ್ಲಿ ಒಂದು ಗುಟುಕು ನೀರನ್ನೂ ಮುಟ್ಟದೆ ಕುದುರೆ ಹತ್ತಿದ. ಮಾಡಿಸಿದ ಅಡುಗೆಯನ್ನು ಉಣ್ಣಲು ಮನೆಯವರೂ ಮುಂದಾಗಲಿಲ್ಲ. ಗಿರಿಯಪ್ಪ ಹೇಳಿದಂತೆಯೇ ಹೊಲ ಕಿತ್ತುಕೊಂಡ. ರಾಶಿಯನ್ನು ಸಾಗಿಸಲು ಒಬ್ಬ ಆಳೂ ಕೈ ಹಚ್ಚಲೊಲ್ಲೆನೆಂದಾಗ ಅದರ ಮೇಲೆಯೇ ಮಣ್ಣು ಸುರಿಸಿದ. ದಿಬ್ಬ ಇನ್ನೂ ಒಂದಾಳು ಎತ್ತರವಾಯಿತು. ಅದಕ್ಕೆ 'ವಿಜಯ ದಿಬ್ಬ' ಎಂದು ಹೆಸರಿಡಬೇಕೆಂದು ಡಂಗುರವನ್ನೂ ಹೊಡೆಸಿದ. ಆದರೆ ಡಂಗುರದವನೇ ಮನೆಗೆ ಬಂದು ಹೆಂಡತಿಯ ಹತ್ತಿರ 'ಹೇಸಿಗಿ ದಿಬ್ಬದಿಂದ ಬಂದೆ' ಎಂದನಂತೆ. ನಿಂಬವ್ವ ಕೂಲಿ ಮಾಡಿ ಹೊಟ್ಟೆ ಹೊರೆದಳು. ಬಲಗೈಯನ್ನು ಬೂದಿಯಿಂದ, ಸೀಗೆಯಿಂದ, ಹುಣಸೆಯಿಂದ ಎಷ್ಟು ತಿಕ್ಕಿದರೂ ವಾಸನೆ ಹೋಗಲಿಲ್ಲವೆಂದು ಸಾಯುವತನಕ ಎಡಗೈಯಲ್ಲೇ ಉಂಡಳು ಎನ್ನುತ್ತಾರೆ.

ಮೂರು ಚಳಿಗಾಲ ಕೆರೆಗೆ ಒಂದು ಹಕ್ಕಿಯೂ ಇಳಿಯಲಿಲ್ಲ. ನಾಲ್ಕನೆಯದರಲ್ಲಿ, ಒಂದು ಬೆಳಿಗ್ಗೆ, ಬಡಗಣ ದಿಕ್ಕಿನಿಂದ ಒಂದು ಸಣ್ಣ ಹಿಂಡು ಬಂತು. ನೀರಿಗೆ ಹೋಗಿದ್ದ ಹೆಂಗಸರು ಓಡಿಬಂದು, "ಯವ್ವಾ, ಬಂದಾವ, ಎಣಸ ಬಾ" ಎಂದು ಕರೆದರು. ನಿಂಬವ್ವ ದಿಬ್ಬಕ್ಕೆ ಕಾಲಿಡದೆ ಏರಿಯ ಮೇಲೆ ನಿಂತು ಎಣಿಸಿದಳು. ಎಣಿಸಿ, ಸೆರಗು ಬಿಗಿದುಕೊಂಡು, ತುಟಿ ಬಿಚ್ಚದೆ ಮನೆಗೆ ಹೋದಳು. ಮರುದಿನ ವಾಡೆಯ ಆಳು ಬಾಗಿಲಿಗೆ ಬಂದ. ಊರಿನವರೂ ಸುತ್ತ ನೆರೆದರು. ಅವಳು ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ಅವು ಹೋದ ಮ್ಯಾಲ ಹೇಳ್ತೀನಿ." ವಾಡೆಯವರು ಹೆದರಿಸಿದರು, ಹೊಲ ಮರಳಿ ಕೊಡುತ್ತೇವೆಂದರು, ಬಾಯಿ ಬಿಡಲಿಲ್ಲ. ಫಾಲ್ಗುಣದಲ್ಲಿ ಕೊನೆಯ ಹಕ್ಕಿ ಎದ್ದು ಹೋದ ದಿನ ಚಾವಡಿಯ ಮುಂದೆ ನಿಂತು, "ಎಂಬತ್ತೇಳು ಬಂದಿದ್ದವು, ಎಂಬತ್ತೇಳೂ ಹೋದವು" ಎಂದು ಕೂಗಿ ಹೇಳಿದಳು.

ಇಂದಿಗೂ ಗೋಪುರದ ಬುಡದ ಕೋಣೆಯ ಹೊರಗೆ ಒಂದು ಕರಿಹಲಗೆ ಇದೆ. ಹಕ್ಕಿಯ ಹೆಸರು, ಬಂದ ದಿನ, ಎಣಿಸಿದವರ ಹೆಸರು, ಎಲ್ಲವನ್ನೂ ಅದರ ಮೇಲೆ ಬರೆದಿರುತ್ತಾರೆ. 'ಎಷ್ಟು' ಎಂಬುದರ ಎದುರಿನ ಜಾಗ ಮಾತ್ರ ಚಳಿಗಾಲವಿಡೀ ಖಾಲಿ. ಕ್ಯಾಮೆರಾ ತೂಗುಹಾಕಿಕೊಂಡು ಬಂದವರು, ಇಷ್ಟು ದೂರ ಬಂದರೂ ಒಂದು ಲೆಕ್ಕ ಹೇಳುವುದಿಲ್ಲವಲ್ಲ ಎಂದು ಗೊಣಗುತ್ತಾರೆ. ಎಣಿಸುವ ಊರಿನವರು "ಹೋದ ಮ್ಯಾಲ ಹೇಳ್ತೀವ್ರಿ" ಎಂದು ಮತ್ತೆ ದುರ್ಬೀನಿಗೆ ಕಣ್ಣು ಹಚ್ಚುತ್ತಾರೆ. ಸೀಮೆಸುಣ್ಣದಿಂದ ಆ ಸಂಖ್ಯೆಯನ್ನು ಬರೆಯುವ ದಿನ ಓದಲು ಪ್ರವಾಸಿಗರು ಯಾರೂ ಇರುವುದಿಲ್ಲ. ಕೆರೆಯ ಮೇಲೆ ಹಕ್ಕಿಯೂ ಇರುವುದಿಲ್ಲ.