ಹೋಳಿಗೆಯ ದಿನ ಮೂರು ಮಡಕೆ ಗಂಜಿ

ಒಂದು ಕಾಡಿನ ಅಂಚಿನಲ್ಲಿ, ಹಳ್ಳದ ದಡದ ಮೇಲೆ, ನೆರಳು ದಟ್ಟವಾಗಿದ್ದ ಹೊಂಗೆ ಮರವೊಂದಿತ್ತು. ಪ್ರತಿ ಹುಣ್ಣಿಮೆಯ ಮಧ್ಯಾಹ್ನ ನಾಲ್ವರು ಗೆಳೆಯರು ಅಲ್ಲಿ ಸೇರಿ ಊಟ ಮಾಡುತ್ತಿದ್ದರು. ಕರಡಿ ಕಾಯಿ ಹೋಳಿಗೆ ಮಾಡಿ ತರುತ್ತಿತ್ತು. ಆಮೆ ಚಿತ್ರಾನ್ನ, ಮೊಲ ಕೋಸಂಬರಿ. ನರಿ ಉಪ್ಪು ತರುತ್ತಿತ್ತು. ಅದೂ ಒಂದು ಚಿಟಿಕೆ.

ತಮ್ಮ ಎಲೆಗೆ ತಾವೇ ಬಡಿಸಿಕೊಳ್ಳಬಾರದು, ಎಲೆಗೆ ಬಿದ್ದದ್ದನ್ನು ಬಿಟ್ಟು ಏಳಬಾರದು. ಇದು ಅವರ ಕಟ್ಟಳೆ. ಹೀಗಾಗಿ ಊಟಕ್ಕಿಂತ ಉಪಚಾರವೇ ಜೋರು. “ಇನ್ನೊಂದು ಹಾಕಿಸ್ಕೋ!” “ಅಯ್ಯೋ, ಸಾಕು!” “ನನ್ನಾಣೆ, ಇದೊಂದು!” ಈ ಗಲಾಟೆಯಲ್ಲಿ ಹೋಳಿಗೆಯೆಲ್ಲ ಹಂಚಿಹೋಗುವುದನ್ನು ನೋಡಿ ನರಿಗೆ ಸಂಕಟವಾಗುತ್ತಿತ್ತು.

ಒಂದು ಸಲ ಹುಣ್ಣಿಮೆಯ ಹಿಂದಿನ ದಿನ ನರಿ ಮೊಲದ ಮನೆಗೆ ಹೋಯಿತು. “ಮೊಲ ತಮ್ಮ, ಕರಡಕ್ಕನಿಗೂ ಆಮೆಯಜ್ಜನಿಗೂ ಹೊಟ್ಟೆ ಕೆಟ್ಟಿದೆ. ಸಂಕೋಚಕ್ಕೆ ಹೇಳಿಕೊಳ್ಳೋದಿಲ್ಲ. ನಾಳೆ ಅವರಿಗೆ ಹೋಳಿಗೆ ಬಡಿಸಬೇಡ” ಎಂದು ನಿಟ್ಟುಸಿರು ಬಿಟ್ಟಿತು. ಆಮೇಲೆ ಕರಡಿಯ ಮುಂದೆ ಆಮೆ, ಮೊಲಗಳ ಹೊಟ್ಟೆಯನ್ನೂ, ಆಮೆಯ ಮುಂದೆ ಮೊಲ, ಕರಡಿಗಳ ಹೊಟ್ಟೆಯನ್ನೂ ಕೆಡಿಸಿ ಮನೆಗೆ ಬಂತು. ಇನ್ನು ಹೋಳಿಗೆ ಬಡಿಸಿದರೆ ತನಗೊಂದಕ್ಕೇ ಬಡಿಸಬೇಕು! ಆ ಖುಷಿಯಲ್ಲಿ ರಾತ್ರಿ ಉಪವಾಸ ಮಲಗಿತು. ಬೆಳಗ್ಗೆ ಎದ್ದು ಮುತ್ತುಗದೆಲೆಗಳನ್ನು ಕಡ್ಡಿ ಚುಚ್ಚಿ ಹಚ್ಚಿ, ಮೊರದಷ್ಟು ಅಗಲದ ಎಲೆ ಮಾಡಿಕೊಂಡಿತು. ತುಪ್ಪ ಹರಿದುಹೋಗಬಾರದಲ್ಲ, ಸುತ್ತಲೂ ಅಂಚನ್ನೂ ಎತ್ತಿ ಕಟ್ಟಿತು.

ಮಧ್ಯಾಹ್ನ ಎಲ್ಲರೂ ಕೂತರು. ಕರಡಿ ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿತು. ನರಿ ಕಣ್ಣು ಮುಚ್ಚಿ ಮೂಗು ಚಾಚಿತು. ಏಲಕ್ಕಿಯ ಘಮ ಬರಲಿಲ್ಲ. ಕಣ್ಣು ಬಿಟ್ಟರೆ ಗಂಜಿ! ಆಮೆಯ ಮಡಕೆಯಲ್ಲೂ ಗಂಜಿ. ಮೊಲ ತಂದದ್ದೂ ಗಂಜಿಯೇ.

“ಹೋಳಿಗೆ ಎಲ್ಲಿ, ಕರಡಕ್ಕ?” ನರಿಯ ದನಿ ಕೀರಲಾಗಿತ್ತು.

“ಮಾಡಿ ಮನೆಯಲ್ಲೇ ಇಟ್ಟು ಬಂದೆ ಕಣಪ್ಪ. ಪಾಪ, ಇವರಿಬ್ಬರೂ ಹೊಟ್ಟೆ ಕೆಟ್ಟು ಗಂಜಿ ಕುಡೀತಿರುವಾಗ ನಿನಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಾ?”

“ನನಗೆಲ್ಲಿ ಕೆಟ್ಟಿದೆ?” ಎಂದಿತು ಮೊಲ. “ಕೆಟ್ಟಿರೋದು ನಿನಗೂ ಅಜ್ಜನಿಗೂ ಅಲ್ವಾ ಅಕ್ಕ?”

“ನಾನು ಗುಂಡುಕಲ್ಲಿನ ಹಾಗಿದ್ದೀನಿ” ಎಂದಿತು ಆಮೆ. ಮೆಲ್ಲಗೆ ಕತ್ತು ಹೊರಗೆ ಚಾಚಿ, “ನಿಮಗೆ ಇದನ್ನೆಲ್ಲ ಹೇಳಿದ್ದು ಯಾರು?” ಎಂದು ಕೇಳಿತು.

ಮೂವರೂ ನರಿಯ ಕಡೆ ತಿರುಗಿದರು. ನರಿ ಬಹಳ ಶ್ರದ್ಧೆಯಿಂದ ಉಪ್ಪಿನ ಪೊಟ್ಟಣ ಬಿಚ್ಚತೊಡಗಿತು.

ಕರಡಿಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಮೊರದಗಲದ ಎಲೆ ಕಣ್ಣಿಗೆ ಬಿತ್ತು. ನಗು ತಡೆಯಲಾಗಲಿಲ್ಲ. “ನರಿಯಣ್ಣನಿಗೆ ಬಡಿಸ್ರೋ!” ಎಂದಿತು.

“ಇದೊಂದು ಸೌಟು, ನನ್ನಾಣೆ!” “ಈ ಅಜ್ಜನ ಕೈಯಿಂದ ಇನ್ನೊಂದು!” ಮೂರು ಮಡಕೆಯ ಗಂಜಿಯೂ ನರಿಯ ಎಲೆಗೆ ಬಿತ್ತು. ಅಂಚು ಭದ್ರವಾಗಿತ್ತು. ಒಂದು ಹನಿಯೂ ಹರಿದುಹೋಗಲಿಲ್ಲ.

“ನಾವು ಮನೆಗೆ ಹೋಗಿ ಹೋಳಿಗೆ ತಿಂತೀವಿ. ನೀನು ನಿಧಾನವಾಗಿ ಮುಗಿಸಿ ಏಳಪ್ಪ” ಎಂದು ಕರಡಿ ಗೆಳೆಯರನ್ನು ಕರೆದುಕೊಂಡು ಹೊರಟಿತು.

ನರಿ ಒಂಟಿಯಾಗಿ ಕೂತು ಗಂಜಿ ಕುಡಿಯಿತು. ಹಳ್ಳದಾಚೆಯ ಕರಡಿಯ ಮನೆಯಿಂದ “ಇನ್ನೊಂದು ಹಾಕಿಸ್ಕೋ!” ಎಂಬ ಗಲಾಟೆ ಕೇಳುತ್ತಿತ್ತು. ಗಂಜಿಗೆ ಉಪ್ಪು ಸಾಲಲಿಲ್ಲ. ತಂದಿದ್ದು ಒಂದೇ ಚಿಟಿಕೆ.

ನೀತಿ: ಗೆಳೆಯರ ಪಾಲು ಕಸಿಯಲು ಹೇಳಿದ ಸುಳ್ಳು ನಮ್ಮ ಪಾಲನ್ನೇ ಕಳೆಯುತ್ತದೆ.