ಪಾಯಣ್ಣ ಹೇಳದ ದಾರಿ

ನದಿ ಹೋಗಿ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಒಂದು ಪುಟ್ಟ ಬಸದಿ. ಅಲ್ಲಿ ನಾಗಮತಿ ಅಂತ ಒಬ್ಬ ಜೈನ ಸನ್ಯಾಸಿನಿ ಇದ್ದರು. ಮೈಮೇಲೊಂದು ಬಿಳಿ ಸೀರೆ, ಒಂದು ಕೈಯಲ್ಲಿ ಕಮಂಡಲ, ಇನ್ನೊಂದು ಕೈಯಲ್ಲಿ ನವಿಲುಗರಿಯ ಕುಂಚ. ಅಷ್ಟೇ ಅವರ ಆಸ್ತಿ.

ಕೂರುವ ಮೊದಲು ಆ ಕುಂಚದಿಂದ ನೆಲ ಸವರುವರು. ಇರುವೆ ಗಿರುವೆ ಇದ್ದರೆ ಮೆಲ್ಲಗೆ ಆಚೆ ಕಳಿಸಿ, ಆಮೇಲೆ ಕೂರುವರು. ಊರಿಗೆಲ್ಲ ಅವರು ಅಮ್ಮ.

ಅವರ ಶಿಷ್ಯ ಪಾಯಣ್ಣ, ದೋಣಿಯ ಚುಕ್ಕಾಣಿ ಹಿಡಿಯುವವನು. ಅಳಿವೆಯ ಮರಳದಿಬ್ಬ ವರುಷಕ್ಕೊಂದು ಕಡೆ ಮಲಗುತ್ತದೆ ನೋಡಿ. ಈ ಸಲ ಅದು ಯಾವ ಮಗ್ಗುಲಿಗೆ ಹೊರಳಿದೆ ಅನ್ನೋದು ಅವನೊಬ್ಬನಿಗೇ ಗೊತ್ತು.

ಅಮ್ಮನ ಮುಂದೆ ಕೂತು ಅವನು ವ್ರತ ಹಿಡಿದು ಏಳು ವರುಷವಾಗಿತ್ತು. ಕೊಲ್ಲೋದಿಲ್ಲ, ಕೊಲ್ಲಿಸೋದಿಲ್ಲ, ಕೊಲ್ಲೋದಕ್ಕೆ ಹೂಂ ಅನ್ನೋದಿಲ್ಲ.

ಆ ವರುಷ ಕಡಲಾಚೆಯ ಫಿರಂಗಿಯವರ ಹಡಗುಗಳು ಬಂದು ಅಳಿವೆಯ ಹೊರಗೆ ಲಂಗರು ಹಾಕಿದವು. ತೆಂಕಣ ದಡದ ಎರಡು ಊರಿಗೆ ಬೆಂಕಿ ಇಟ್ಟರು.

ದಂಡಿನ ದೋಣಿಗಳ ನಾಯಕ ದುಗ್ಗಣ್ಣ ಪಾಯಣ್ಣನ ಬಾಗಿಲಿಗೇ ಬಂದ.

"ಇವತ್ತು ಮಧ್ಯಾಹ್ನ ಕಡಲ ಭರತ ಏರಿದಾಗ ಹೊರಡಬೇಕು. ಎಲ್ಲಕ್ಕಿಂತ ಮುಂದಿನ ದೋಣಿ ನಿನ್ನದು."

"ನಾನು ವ್ರತ ಹಿಡಿದವನು, ನಾಯಕರೇ."

"ಕತ್ತಿ ಹಿಡಿ ಅಂದೆನಾ? ಚುಕ್ಕಾಣಿ ಹಿಡಿ ಅಂದೆ."

"ಕತ್ತಿಯನ್ನ ಅಲ್ಲಿಗೆ ಮುಟ್ಟಿಸೋದು ಆ ಚುಕ್ಕಾಣಿ ತಾನೇ."

ನಾಯಕ ಬೆನ್ನು ತಿರುಗಿಸಿದ. "ಸುಟ್ಟ ಊರಿನ ಮಕ್ಕಳಿಗೂ ಇದನ್ನೇ ಹೇಳು," ಅಂದು ಹೊರಟ.

ಪಾಯಣ್ಣನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸದಿಗೆ ಓಡಿದ. ಅವತ್ತು ಚತುರ್ದಶಿ. ಚತುರ್ದಶಿಗೆ ಅಮ್ಮನದು ಮೌನ. ಹೊತ್ತು ಹುಟ್ಟಿದರೆ ಮುಗಿಯಿತು, ಮರುದಿನ ಹೊತ್ತು ಹುಟ್ಟುವ ತನಕ ಮಾತಿಲ್ಲ.

"ಅಮ್ಮ, ಹೋಗಲಾ? ಬೇಡವಾ?"

ಅಮ್ಮ ಅವನನ್ನೇ ನೋಡಿದರು. ತುಟಿ ಒಮ್ಮೆ ಅಲುಗಿತು. ಆಮೇಲೆ ಕುಂಚದಿಂದ ನೆಲ ಸವರಿ, ಕೂತು, ಕಣ್ಣು ಮುಚ್ಚಿದರು.

ಇರುವೆಯ ಜೀವಕ್ಕೂ ಇಷ್ಟು ಅಂಜುವವರು ಬೇರೆ ಏನು ಹೇಳಿಯಾರು ಅಂದುಕೊಂಡು ಪಾಯಣ್ಣ ಮನೆಗೆ ಬಂದ.

ಜಗಲಿಯ ಮೇಲೆ ತಮ್ಮ ಸಾಂತಪ್ಪ ಕಾಯುತ್ತಿದ್ದ. ಅಣ್ಣನ ಬದಲಿಗೆ ನಾಯಕ ಅವನನ್ನು ಕರೆದಿದ್ದ. ವ್ರತ ಗಿತ ಇಲ್ಲದ ನಗೆಮುಖದವನು. ಚುಕ್ಕಾಣಿ ಹಿಡಿಯಲು ಬರುತ್ತಿತ್ತು, ಆದರೆ ಈ ವರುಷದ ಅಳಿವೆ ಅವನಿಗೆ ಗೊತ್ತಿರಲಿಲ್ಲ.

"ಅಣ್ಣಾ, ನೀನು ಬರಬೇಡ. ನಿನ್ನ ಪುಣ್ಯ ನಿನಗಿರಲಿ. ದಿಬ್ಬ ಈ ಸಲ ಎಲ್ಲಿ ಮಲಗಿದೆ, ಅದಷ್ಟು ಹೇಳು."

ಪಾಯಣ್ಣ ಮುಖ ಆಚೆ ತಿರುಗಿಸಿದ.

"ಮೀನು ಹಿಡಿಯೋಕೆ ಹೊರಟಿದ್ದಾನೆ ಅಂದುಕೊಂಡು ಹೇಳು."

"ಮೀನು ಹಿಡಿಯೋದೂ ಹಿಂಸೆಯೇ ಕಣೋ."

ಸಾಂತಪ್ಪ ನಕ್ಕುಬಿಟ್ಟ. "ಹಾಗಾದರೆ ನೀರು ನೋಡಿ ಬರೋಕೆ ಅಂದುಕೋ."

"ಹೇಳಿದರೆ ನಾನೇ ಕರೆದುಕೊಂಡು ಹೋದ ಹಾಗೆ. ಕೇಳಬೇಡ ತಮ್ಮಾ."

"ಆಯ್ತು ಬಿಡು." ಸಾಂತಪ್ಪ ಎದ್ದು ಪಂಚೆ ಕೊಡವಿದ. "ವಾಪಸ್ಸು ಬಂದು ನಾನೇ ನಿನಗೆ ಹೇಳ್ತೀನಿ, ದಿಬ್ಬ ಎಲ್ಲಿದೆ ಅಂತ."

ಮಧ್ಯಾಹ್ನ ಮುಂದಿನ ದೋಣಿ ಅಳಿವೆಯ ಬಾಯಲ್ಲೇ ದಿಬ್ಬ ಹತ್ತಿ ನಿಂತಿತು. ನಿಂತ ದೋಣಿಗೆ ಗುಂಡು ಹಾಕೋಕೆ ಎಷ್ಟು ಹೊತ್ತು ಬೇಕು. ಹುಟ್ಟು ಹಾಕುವ ನಲವತ್ತು ಜನ, ಚುಕ್ಕಾಣಿಯ ಸಾಂತಪ್ಪ. ಒಬ್ಬನೂ ಬರಲಿಲ್ಲ.

ಹಿಂದಿನ ದೋಣಿಗಳು ಅಲ್ಲಿಂದಲೇ ವಾಪಸ್ಸು ಹೊರಳಿದವು. ಫಿರಂಗಿಯವರು ಇನ್ನೊಂದು ಊರು ಸುಟ್ಟು, ತಮಗೆ ಬೇಕಾದಾಗ ಹೊರಟುಹೋದರು.

ಒಂಬತ್ತು ದಿನ ಪಾಯಣ್ಣ ಹೊಸ್ತಿಲು ದಾಟಲಿಲ್ಲ. ಹತ್ತನೆಯ ದಿನ ಬೆಳಗ್ಗೆ ಬಸದಿಗೆ ಬಂದ.

"ಅಮ್ಮ, ನನಗೆ ಸಲ್ಲೇಖನ ಕೊಡಿ. ಅನ್ನ ನೀರು ಬಿಟ್ಟು ಹೋಗಿಬಿಡ್ತೀನಿ."

"ಯಾಕೆ?"

"ಒಂದು ಇರುವೆಯನ್ನೂ ನಾನು ಕೊಲ್ಲಲಿಲ್ಲ. ಆದರೂ ನಲವತ್ತೊಂದು ಜನ ಹೋದರು."

"ಸಲ್ಲೇಖನ ಎಲ್ಲ ತೀರಿಸಿ ಹೊರಟವರಿಗೆ, ಮಗಾ. ತಪ್ಪಿಸಿಕೊಂಡು ಹೊರಟವರಿಗಲ್ಲ."

ಪಾಯಣ್ಣ ನೆಲ ನೋಡುತ್ತಲೇ ಕೇಳಿದ: "ಅವತ್ತು ಮೌನ ಇಲ್ಲದಿದ್ದರೆ ಏನು ಹೇಳ್ತಿದ್ರಿ? ಹೋಗು ಅಂತಲೋ, ಬೇಡ ಅಂತಲೋ?"

ಅಮ್ಮ ಕಡಲ ಕಡೆ ತಿರುಗಿದರು.

"ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಬಾಯಿ ತನಕ ಬಂತು. ಚತುರ್ದಶಿ ಅಡ್ಡ ಬಂತು. ಅಡ್ಡ ಬಂದದ್ದು ನನಗೆ ಹಿತವೇ ಆಯ್ತು."

"ನೀವು ಕಣ್ಣು ಮುಚ್ಚಿದಿರಿ. ಬೇಡ ಅಂದಿರಿ ಅಂದುಕೊಂಡೆ."

"ಹಾಗೇ ಅಂದುಕೊಳ್ತೀಯ ಅಂತ ಗೊತ್ತಿತ್ತು."

ಪಾಯಣ್ಣ ತಲೆ ಎತ್ತಿದ. ಈಗ ಅಮ್ಮ ನೆಲ ಸವರದೆಯೇ ಕೂತಿದ್ದರು. ಕುಂಚ ಆಚೆ ಕಂಬದ ಬುಡದಲ್ಲಿ ಬಿದ್ದಿತ್ತು.

"ನಿನ್ನ ದೋಣಿ ಎಲ್ಲಿದೆ?"

"ದಡದಲ್ಲೇ ಇದೆ."

"ಆಚೆ ದಡಕ್ಕೆ ಹೋಗೋಣ, ನಡೆ."

ಆಚೆ ದಡದಲ್ಲಿ ಹುಟ್ಟು ಹಾಕುವವರ ಕೇರಿ. ಸಾಂತಪ್ಪನ ಮನೆಯೂ ಅಲ್ಲೇ. ಪಾಯಣ್ಣ ಆ ಕಡೆ ಮುಖ ಹಾಕಿರಲಿಲ್ಲ.

ಅಮ್ಮ ಸೀರೆ ಎತ್ತಿ ಹಿಡಿದು ದೋಣಿಗೆ ಕಾಲಿಟ್ಟರು.

"ಅಮ್ಮ, ನೀವು ದೋಣಿ ಹತ್ತೋದಿಲ್ಲ."

"ಹತ್ತುತ್ತಿರಲಿಲ್ಲ."

"ಒಂದೊಂದು ಹುಟ್ಟಿಗೂ ನೀರಿನ ಜೀವ ಸಾಯುತ್ತೆ ಅಂತ ನೀವೇ ಹೇಳಿದ್ದು."

"ಸಾಯುತ್ತೆ. ಹುಟ್ಟು ಹಾಕು."

ನಡುನೀರಿಗೆ ಬಂದಾಗ ಅಳಿವೆಯ ಬಾಯಿ ಕಂಡಿತು. ಮುಳುಗಿದ ದೋಣಿಯ ಹಾಯಿ ಕಟ್ಟುವ ಕೂವೆಮರ ಮುರಿದು ನೀರಿನಿಂದ ಮೊಳದುದ್ದ ಮೇಲೆ ನಿಂತಿತ್ತು. ಅದರ ಮೇಲೊಂದು ಕಡಲಕಾಗೆ.

"ದಾರಿ ಯಾವುದು?" ಅಮ್ಮ ಕೇಳಿದರು.

"ಬಸದಿಯ ಕಳಶ ಬೆನ್ನಿಗಿರಬೇಕು. ಒಂಟಿ ತಾಳೆಮರ ಎಡಗೈಗೆ ಬಂದಾಗ ಬಲಕ್ಕೆ ಹೊರಳಬೇಕು."

"ಅಷ್ಟೇನಾ?"

"ಅಷ್ಟೇ, ಅಮ್ಮ."

ಹುಟ್ಟು ಅವನ ಕೈಯಲ್ಲೇ ನಿಂತುಬಿಟ್ಟಿತು. ಅಮ್ಮ ಅವಸರ ಮಾಡಲಿಲ್ಲ. ದೋಣಿ ತಾನಾಗಿ ಒಂದು ಸುತ್ತು ತಿರುಗಿತು. ಆಮೇಲೆ ಅವನು ಮತ್ತೆ ಹುಟ್ಟು ಹಾಕಿದ.

ಕೇರಿಯ ಬಾವಿಕಟ್ಟೆಯ ಮೇಲೆ ಸಾಂತಪ್ಪನ ಹೆಂಡತಿ ನೇಮಕ್ಕ ಬಟ್ಟೆ ಕಟ್ಟಿ ಕೊಡದ ನೀರು ಸೋಸುತ್ತಿದ್ದಳು. ಇವರನ್ನು ನೋಡಿದಳು. ಸೋಸುವುದನ್ನು ಬಿಡಲಿಲ್ಲ.

ಬಾಗಿಲಿಗೊಬ್ಬೊಬ್ಬರಂತೆ ಹೆಂಗಸರು ಹೊರಗೆ ಬಂದು ನಿಂತರು.

"ಇರುವೆ ಕಾಯೋರು ಮನುಷ್ಯರ ಕೇರಿಗೆ ಯಾಕೆ ಬಂದ್ರೋ," ಅಂದಳು ಒಬ್ಬ ಮುದುಕಿ. ಅವಳ ಇಬ್ಬರು ಮಕ್ಕಳೂ ಆ ದೋಣಿಯಲ್ಲಿದ್ದರು, ಬೇರೆ ಬೇರೆ ಮನೆ ಹೂಡಿದವರು.

ನೇಮಕ್ಕ ಬಟ್ಟೆಯಲ್ಲಿ ಉಳಿದ ಹುಳುಹುಪ್ಪಟೆಯನ್ನು ಎಂದಿನಂತೆ ಮೆಲ್ಲಗೆ ಬಾವಿಗೇ ಬಿಟ್ಟಳು. ಬಟ್ಟೆ ಹಿಂಡಲಿಲ್ಲ. ಹಾಗೇ ಹಿಡಿದುಕೊಂಡು ಹತ್ತಿರ ಬಂದಳು.

"ಭಾವ, ಒಂದೇ ಒಂದು ಮಾತು ಕೇಳ್ತೀನಿ. ದಿಬ್ಬ ಎಲ್ಲಿದೆ ಅಂತ ನಿಮಗೂ ಗೊತ್ತಿರಲಿಲ್ಲ, ಅಲ್ವಾ?"

ಅವಳಿಗೆ ಬೇಕಾದ ಉತ್ತರ ಅವಳ ಮುಖದಲ್ಲೇ ಇತ್ತು. ಅದನ್ನು ಕೊಟ್ಟುಬಿಡಬಹುದಿತ್ತು.

"ಗೊತ್ತಿತ್ತು, ನೇಮಕ್ಕ," ಅಂದ ಪಾಯಣ್ಣ. "ಅವನು ಕೇಳಿದ. ನಾನು ಹೇಳಲಿಲ್ಲ."

ಬಟ್ಟೆಯ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಪಾಯಣ್ಣನನ್ನು ಬಿಟ್ಟು ಅಮ್ಮನ ಕಡೆ ತಿರುಗಿದಳು.

"ಇವರಿಗೆ ಇದನ್ನ ಕಲಿಸಿದವರು ನೀವೇನಾ?"

ಅಮ್ಮ ನಿಂತಲ್ಲೇ, ನೆಲ ಸವರದೆ ಮಂಡಿಯೂರಿ, ಅವಳಿಗೆ ಕೈಮುಗಿದರು.

"ನಾನೇ ಮಗಳೇ. ಇನ್ನೂ ನಲವತ್ತು ಜನರ ಬಾಗಿಲಿಗೆ ಹೋಗಬೇಕು. ನಮಗೆ ದಾರಿ ಗೊತ್ತಿಲ್ಲ, ಹೇಳ್ತೀಯಾ?"