ಕಾರಿನ ಹಿಂದಿನ ಬಿಲ್ಲೆ

ಶಿಷ್ಯ ಕೇಳಿದ: "ಗುರುಗಳೇ, ನಮ್ಮಲ್ಲಿ ಇರುವುದಕ್ಕಿಂತ ಒಂದಿಷ್ಟು ಹೆಚ್ಚೇ ಇದೆ ಎಂದು ಜನ ತಿಳಿದುಕೊಂಡರೆ ಯಾರಿಗೇನು ನಷ್ಟ?"

ಅವನು ಹಾಗೆ ಕೇಳಲು ಕಾರಣವಿತ್ತು. ಗೀತೆಯ ಹದಿನೆಂಟು ಅಧ್ಯಾಯವೂ ಅವನಿಗೆ ಬಾಯಿಪಾಠವೆಂದು ಊರು ನಂಬಿತ್ತು. ಬರುತ್ತಿದ್ದದ್ದು ಮೂರೇ. ಹಿಂದಿನ ದಿನ ಒಬ್ಬ ಅಜ್ಜಿ ಬಂದು, ಹಾಸಿಗೆ ಹಿಡಿದ ತನ್ನ ಗಂಡನ ಪಕ್ಕ ಕೂತು ಗೀತೆ ಹೇಳಿ ಎಂದು ಬೇಡಿಕೊಂಡಿದ್ದಳು. ಪುಸ್ತಕ ಹಿಡಿದು ಹೋಗಲು ನಾಚಿ, ಅವನು ಜ್ವರವೆಂದು ಹೇಳಿ ಅವಳನ್ನು ಕಳಿಸಿಬಿಟ್ಟಿದ್ದ. ಇದನ್ನು ಗುರುಗಳಿಗೆ ಹೇಳಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಘಾಟಿಯ ಬುಡದ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನು ಒಂದು ಕಾರು ಕೊಂಡ. ಆ ಕಾರು ಎರಡು ಬಗೆಯ ಎಂಜಿನ್ನಿನಲ್ಲಿ ಬರುತ್ತಿತ್ತು. ಮೈ ಒಂದೇ, ಬಣ್ಣ ಒಂದೇ. ದೊಡ್ಡ ಎಂಜಿನ್ನಿನ ಕಾರಿಗೆ ಮಾತ್ರ ಹಿಂದುಗಡೆ 'ಟರ್ಬೊ' ಎಂಬ ಬಿಲ್ಲೆ ಇರುತ್ತಿತ್ತು. ವ್ಯಾಪಾರಿ ಕೊಂಡದ್ದು ಚಿಕ್ಕ ಎಂಜಿನ್ನಿನದು. ಅವನ ಸಂಸಾರಕ್ಕೆ ಅದು ಧಾರಾಳವಾಗಿ ಸಾಕಾಗುತ್ತಿತ್ತು.

ಆದರೆ ಅವನ ಷಡ್ಡಕ ಟರ್ಬೊ ಕೊಂಡ. ಅಲ್ಲಿಗೆ ಇವನ ನೆಮ್ಮದಿ ಹಾಳಾಯಿತು. ಪೇಟೆಗೆ ಹೋಗಿ ಅಂಥದೇ ಬಿಲ್ಲೆ ತಂದು ತನ್ನ ಕಾರಿಗೂ ಅಂಟಿಸಿದ. ಬಿಲ್ಲೆ ಅಂಟಿಸಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? "ಐದು ಜನ ಕೂತರೂ ಇಪ್ಪತ್ತೇ ನಿಮಿಷಕ್ಕೆ ಘಾಟಿ ಹತ್ತುತ್ತದೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಒಂದು ಮಧ್ಯಾಹ್ನ ಪಕ್ಕದ ಮನೆಯ ದರ್ಜಿ ಓಡಿಬಂದ. "ಅಣ್ಣಾ, ನಮ್ಮವಳಿಗೆ ನೋವು ಶುರುವಾಗಿದೆ. ಆಂಬುಲೆನ್ಸ್ ಬೇರೆ ಊರಿಗೆ ಹೋಗಿದೆಯಂತೆ. ನಿಮ್ಮ ಗಾಡಿಯಾದ್ರೆ ಇಪ್ಪತ್ತು ನಿಮಿಷಕ್ಕೆ ಮೇಲಿನ ಆಸ್ಪತ್ರೆ ಮುಟ್ಟಿಸುತ್ತೆ. ಬನ್ನಿ ಅಣ್ಣಾ."

ವ್ಯಾಪಾರಿಗೆ ಬಸುರಿಯ ನೋವು ಕಾಣಲಿಲ್ಲ. ಪ್ರತಿ ತಿರುವಿನಲ್ಲೂ ಏದುಸಿರು ಬಿಡುವ ತನ್ನ ಕಾರು ಕಂಡಿತು. ಒಳಗೆ ಕೂತ ನಾಲ್ಕು ಜನ ಅದನ್ನು ಕೇಳಿಸಿಕೊಳ್ಳುವುದು ಕಂಡಿತು. "ಅಯ್ಯೋ, ಬೆಳಿಗ್ಗೇನೇ ಕ್ಲಚ್ ಹೋಯ್ತಲ್ಲಪ್ಪಾ" ಎಂದ.

ದರ್ಜಿ ಬೀದಿಗೆ ಓಡಿದ. ಸಿಮೆಂಟು ಇಳಿಸಿ ನಿಂತಿದ್ದ ಗೂಡ್ಸ್ ಆಟೊ ಒಂದು ಸಿಕ್ಕಿತು. ಅದು ಕುಂಟುತ್ತ ಘಾಟಿ ಹತ್ತಿತು. ಏಳನೆಯ ತಿರುವಿನಲ್ಲಿ, ಖಾಲಿ ಚೀಲಗಳ ಮೇಲೆ ಹೆರಿಗೆಯಾಯಿತು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಉಳಿದರು. ಸುದ್ದಿ ಕೇಳಿ ವ್ಯಾಪಾರಿ, ಸದ್ಯ ಬದುಕಿದೆ ಎಂದುಕೊಂಡ. ಅವನು ಅಂದುಕೊಂಡದ್ದು ತನ್ನ ಬಡಾಯಿ ಬಯಲಾಗದ್ದರ ಬಗ್ಗೆ.

ಮೂರನೆಯ ದಿನ ದರ್ಜಿ ಮತ್ತೆ ಬಂದ. ಜೊತೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. "ಅಣ್ಣಾ, ಗಾಡಿ ಕೆಟ್ಟು ನಿಮಗೆ ಎಷ್ಟು ಸಂಕಟ ಆಯ್ತೋ ಅಂತ ನಮ್ಮವಳು ಅಂತಾನೇ ಇದ್ದಾಳೆ. ಇವನು ಅವಳ ತಮ್ಮ. ಕ್ಲಚ್ ರಿಪೇರಿ ಮಾಡಿಕೊಡ್ತಾನೆ, ನೀವು ಏನೂ ಕೊಡಬೇಡಿ."

ವ್ಯಾಪಾರಿ ಕೀಲಿ ತಂದುಕೊಡಲೇಬೇಕಾಯಿತು. ಮೆಕ್ಯಾನಿಕ್ ಒಳಗೆ ಕೂತು ಕ್ಲಚ್ ಒತ್ತಿ ನೋಡಿದ. ಬಾನೆಟ್ ಎತ್ತಿ ಎಂಜಿನ್ ನೋಡಿದ. ಹಿಂದೆ ಹೋಗಿ ಬಿಲ್ಲೆ ನೋಡಿದ. ಆಮೇಲೆ, ಒಂದು ಚೂರೂ ಕೊಳೆಯಾಗದ ಕೈಗಳನ್ನು ಬಟ್ಟೆಯಿಂದ ಒರೆಸಿಕೊಂಡು, "ಸಣ್ಣ ಕೆಲಸ ಭಾವಾ, ಸರಿಹೋಯ್ತು" ಎಂದ.

ದರ್ಜಿ ಸಂತೋಷದಿಂದ ಕೈಮುಗಿದು ಹೊರಟ. ವ್ಯಾಪಾರಿ ನಾಚಿಕೆಯಿಂದ ಭೂಮಿಗಿಳಿದುಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮನೆಯ ಮಗು ಅತ್ತಾಗಲೆಲ್ಲ ಅವನು ತನ್ನ ಕಿಟಕಿ ಮುಚ್ಚುತ್ತಿದ್ದ.

ಗುರುಗಳು ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿಯೇ ಕೇಳಿದ: "ಆ ಚಿಕ್ಕ ಎಂಜಿನ್ ಘಾಟಿ ಹತ್ತುತ್ತಿತ್ತೇ, ಗುರುಗಳೇ?"

"ಗೂಡ್ಸ್ ಆಟೊ ಹತ್ತಿದ ಘಾಟಿಯನ್ನು ಅದು ಹತ್ತುತ್ತಿರಲಿಲ್ಲವೇ?" ಎಂದು ಗುರುಗಳು ಎದ್ದು ಬಾಗಿಲು ತೆರೆದರು. "ಹೋಗು, ನಿನ್ನೆಯ ಆ ಅಜ್ಜಿ ನಿನ್ನ ಜ್ವರಕ್ಕೆಂದು ಕಷಾಯ ಕಾಯಿಸಿಕೊಂಡು ಬಂದು ಜಗುಲಿಯ ಮೇಲೆ ಕೂತಿದ್ದಾಳೆ."